ಅವರೆಕಾಯಿಯ ಕಾಲ ಮತ್ತು ಉಗುರುಸುತ್ತು

ಡಿಸೆಂಬರ್ ಬಂತೆಂದರೆ ನಮ್ಮ ಮನೆಯ ತುಂಬ ಅವರೆಕಾಯಿಯ ಸೊಗಡು. ರಾತ್ರಿ ನೆನೆಸಿಟ್ಟ ಕಾಳನ್ನು ಬೆಳಿಗ್ಗೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿದುಕುತ್ತಾ ಕುಳಿತರೆ ಗಂಟೆ ಕಳೆದದ್ದೇ ತಿಳಿಯುವುದಿಲ್ಲ. ಅಷ್ಟು ಹೊತ್ತೂ ಬೆರಳ ತುದಿ ನೀರಿನಲ್ಲಿ ನೆನೆಯುತ್ತದೆ, ಕೈ ಒರೆಸಿಕೊಂಡ ಮೇಲೆ ಮಾಗಿಯ ಒಣಗಾಳಿ ಆ ಚರ್ಮವನ್ನು ಬಿರಿಯುವಂತೆ ಮಾಡುತ್ತದೆ. ಎರಡು ವರ್ಷಗಳ ಹಿಂದೆ ಇಂಥದೇ ಒಂದು ವಾರದಲ್ಲಿ ನನ್ನ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಆಯಿತು.

ತಪ್ಪು ಅವರೆಕಾಳಿನದ್ದಷ್ಟೇ ಅಲ್ಲ. ಅದಕ್ಕೆ ನಾಲ್ಕು ದಿನ ಮೊದಲು, ಬಂಧುಗಳ ಮದುವೆಯ ನೆಪದಲ್ಲಿ ಬ್ಯೂಟಿ ಪಾರ್ಲರ್ ಒಂದರಲ್ಲಿ ಮೆನಿಕ್ಯೂರ್ ಮಾಡಿಸಿಕೊಂಡಿದ್ದೆ. ಉಗುರಿನ ಬುಡದಲ್ಲಿ ಒಣಗಿ ಬೆಳ್ಳಗಾಗಿದ್ದ ತೆಳು ಪೊರೆಯನ್ನು, ಅಂದರೆ ಕ್ಯೂಟಿಕಲ್ ಅನ್ನು, ಅಲ್ಲಿ ಪುಟ್ಟ ಇಕ್ಕಳದಿಂದ ಸುತ್ತಲೂ ಕತ್ತರಿಸಿ ತೆಗೆದಾಗ ಕೊಳೆ ಹೋಯಿತೆಂದು ನಾನೂ ಸಂತೋಷಪಟ್ಟಿದ್ದೆ. ಬೆರಳು ಊದಿಕೊಂಡು ರಾತ್ರಿಯೆಲ್ಲ ಮಿಡಿಯತೊಡಗಿದಾಗ ಅತ್ತೆಯವರು ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸಿದರು. ತಂಪೆನಿಸಿತು, ನಿದ್ದೆಯೂ ಬಂತು. ಆದರೆ ಕೀವು ಅಲ್ಲೇ ಇತ್ತು. ಅದನ್ನು ತೆಗೆಯಲು ಕಡೆಗೆ ವೈದ್ಯರೇ ಬೇಕಾಯಿತು.

ಬಚ್ಚಲಿನ ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ತುಂಬುತ್ತಾರಲ್ಲ, ಉಗುರಿಗೂ ಚರ್ಮಕ್ಕೂ ನಡುವಿನ ಸಂದಿಯಲ್ಲಿ ಕ್ಯೂಟಿಕಲ್ ಮಾಡುವುದು ಅದೇ ಕೆಲಸ. ಅದು ಹೋದರೆ ನೀರು, ಸೋಪು, ಬ್ಯಾಕ್ಟೀರಿಯಾ, ಶಿಲೀಂಧ್ರ ಎಲ್ಲಕ್ಕೂ ದಾರಿ ತೆರೆದಂತೆ. ದಿನವಿಡೀ ಪಾತ್ರೆ ತೊಳೆಯುವವರಲ್ಲಿ, ಅಡುಗೆಯವರಲ್ಲಿ ಉಗುರುಸುತ್ತು ಮತ್ತೆ ಮತ್ತೆ ಮರುಕಳಿಸುವುದು ಇದೇ ಕಾರಣದಿಂದ. ಉಗುರು ಹುಟ್ಟುವ ಬೇರು ಆ ಚರ್ಮದ ಮಡಿಕೆಯ ಕೆಳಗೇ ಇರುವುದರಿಂದ ಅಲ್ಲಿ ಪೆಟ್ಟಾದರೆ ಮುಂದೆ ಬರುವ ಉಗುರಿನಲ್ಲಿ ಅದರ ಗುರುತು ಮೂಡುತ್ತದೆ. ಕೈಯುಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ. ದೀಪಾವಳಿಗೆ ಹಚ್ಚಿದ ಮದರಂಗಿ ಯುಗಾದಿಯ ಹೊತ್ತಿಗೆ ಉಗುರಿನ ತುದಿಯಲ್ಲಿ ಕೆಂಪು ಗೆರೆಯಾಗಿ ಉಳಿದಿರುವುದನ್ನು ನೋಡಿದವರಿಗೆ ಈ ಲೆಕ್ಕವನ್ನು ವಿವರಿಸಬೇಕಿಲ್ಲ. ನನ್ನ ಹೆಬ್ಬೆರಳಿನ ಅಡ್ಡಗೆರೆಯೂ ಮೇಲೇರಿ ಕತ್ತರಿಗೆ ಸಿಗಲು ಆರು ತಿಂಗಳು ಹಿಡಿಯಿತು.

ಈಗ ನಾನು ಮಾಡುವುದು ಬಹಳ ಸರಳ. ಪಾತ್ರೆ ತೊಳೆದ ಮೇಲೆ ಉಗುರಿನ ಅಂಚನ್ನೂ ಒತ್ತಿ ಒರೆಸಿ, ಚರ್ಮದಲ್ಲಿ ತುಸು ತೇವ ಇರುವಾಗಲೇ ಕೊಬ್ಬರಿ ಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಸವರಿ ತಿಕ್ಕುತ್ತೇನೆ. ಎಣ್ಣೆ ತಾನಾಗಿ ತೇವವನ್ನು ತರುವುದಿಲ್ಲ, ಇರುವ ತೇವವನ್ನು ಆರಲು ಬಿಡುವುದಿಲ್ಲ, ಆದ್ದರಿಂದ ಒಣಗಿ ಗರಿಗರಿಯಾದ ಮೇಲೆ ಹಚ್ಚಿದರೆ ಅಷ್ಟು ಪ್ರಯೋಜನವಿಲ್ಲ. ಹರಳೆಣ್ಣೆಯೂ ಒಳ್ಳೆಯದೇ, ಆದರೆ ಅದರ ಅಂಟು ದಿಂಬಿಗೆ ಹತ್ತುವುದು ನನಗೆ ಸೇರದು. ಉಗುರಿನ ಪಕ್ಕ ಸಿಬಿರಿನಂತೆ ಎದ್ದ ಚರ್ಮವನ್ನು ಹಲ್ಲಿನಿಂದ ಕಚ್ಚಿ ಎಳೆಯುವ ಬದಲು, ಸ್ನಾನದ ನಂತರ ಮೆತ್ತಗಾದಾಗ ಶುಚಿಯಾದ ನೇಲ್ ಕಟರ್‌ನಿಂದ ಬುಡಕ್ಕೆ ಕತ್ತರಿಸುತ್ತೇನೆ. ಉಗುರು ಕತ್ತರಿಸುವುದೂ ಆಗಲೇ. ಹೊತ್ತು ಮುಳುಗಿದ ಮೇಲೆ ಕೂಡದೆಂಬ ಅತ್ತೆಯವರ ಮಾತೂ ಹೀಗೆ ಸಲ್ಲುತ್ತದೆ. ಬಣ್ಣ ತೆಗೆಯುವ ಅಸಿಟೋನ್ ಉಗುರನ್ನೂ ಚರ್ಮವನ್ನೂ ಒಣಗಿಸುವುದರಿಂದ ಅದನ್ನು ಅಪರೂಪಕ್ಕೆ ಮಾತ್ರ ಮುಟ್ಟುತ್ತೇನೆ.

ಉಗುರಿನ ಬಿಳಿ ಚುಕ್ಕೆ ಕ್ಯಾಲ್ಸಿಯಂ ಕೊರತೆಯ ಗುರುತೆಂದು ಈಗಲೂ ಹೇಳುವವರಿದ್ದಾರೆ. ಸಾಮಾನ್ಯವಾಗಿ ಅದು ಬೇರಿಗೆ ತಗುಲಿದ ಸಣ್ಣ ಪೆಟ್ಟಷ್ಟೇ. ಆದರೆ ಉಗುರು ಚಮಚದಂತೆ ಒಳಗೆ ಗುಳಿ ಬಿದ್ದರೆ ಕಬ್ಬಿಣಾಂಶದ ಕೊರತೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಬೇಕು. ಉಗುರಿಗೆಂದು ಬಯೋಟಿನ್ ಮಾತ್ರೆ ನುಂಗುವವರು ಯಾವುದೇ ರಕ್ತ ಪರೀಕ್ಷೆಗೆ ಮೊದಲು ವೈದ್ಯರಿಗೆ ಆ ವಿಷಯ ತಿಳಿಸಬೇಕು, ಏಕೆಂದರೆ ಥೈರಾಯ್ಡ್‌ನಂಥ ಕೆಲವು ಪರೀಕ್ಷೆಗಳ ಫಲಿತಾಂಶವನ್ನು ಅದು ಏರುಪೇರು ಮಾಡಬಲ್ಲದು.

ಈ ಸಲದ ಅವರೆಕಾಳನ್ನು ನಾವಿಬ್ಬರೂ ಹಂಚಿಕೊಂಡು ಹಿದುಕಿದೆವು. ಮುಗಿದ ಮೇಲೆ, ಚಳಿಗೆ ಗಟ್ಟಿಯಾಗಿದ್ದ ಕೊಬ್ಬರಿ ಎಣ್ಣೆಯನ್ನು ಚಮಚದಲ್ಲಿ ಕೆರೆದು ತೆಗೆಯುತ್ತಿದ್ದಾಗ ಅತ್ತೆಯವರೂ ತಮ್ಮ ಹತ್ತು ಬೆರಳನ್ನು ನನ್ನ ಮುಂದೆ ಚಾಚಿದರು.