ಆಗುಂಬೆಗೆ ಹೋಗ್ತೀರಾ? ಜಲಪಾತ ಬಿಡಿ, ಇರುವೆ ಸಾಕುವ ಈ ಮರ ನೋಡಿ

ಆಗುಂಬೆ ಸುತ್ತಮುತ್ತಲ ಹೋಂಸ್ಟೇಗಳಲ್ಲಿ 'ಮಳೆಕಾಡಿನ ನಡಿಗೆ' ಅಂತ ದುಡ್ಡು ಕೇಳಿದರೆ, ಯಾವ ಕಾಡಿಗೆ ಅಂತ ಮೊದಲು ವಿಚಾರಿಸಿ. ನಾವು ಉಳಿದುಕೊಂಡಿದ್ದ ಹೋಂಸ್ಟೇಯವರು ತಲೆಗೆ 600 ರೂಪಾಯಿ ತೆಗೆದುಕೊಂಡು ಕರೆದುಕೊಂಡು ಹೋಗಿದ್ದು ಅಡಿಕೆ ತೋಟದ ಹಿಂದಿನ ಅಕೇಶಿಯಾ ನೆಡುತೋಪಿಗೆ. ಸಾಲಾಗಿ ನೆಟ್ಟ ಮರಗಳು, ಕೆಳಗೆ ಬರೀ ತರಗೆಲೆ. "ಇದೇನಪ್ಪಾ ಮಳೆಕಾಡು?" ಅಂದರೆ ಜೊತೆಗೆ ಬಂದ ಹುಡುಗ, "ಮಳೆ ಬಂದ್ರೆ ಚೆನ್ನಾಗಿರತ್ತೆ ಸಾರ್" ಅಂದ. ಬಕೆಟ್ ಬಿಸಿನೀರಿಗೂ ಬೇರೆ ಲೆಕ್ಕ ಬರೆದಿದ್ದರು.

ಫೆಬ್ರವರಿಯಲ್ಲಿ ಹೋಗಿದ್ದಕ್ಕೆ ಎಲ್ಲರೂ ನಕ್ಕರು. ಜಲಪಾತ ಸೊರಗಿರುತ್ತೆ, ನಿಜ. ಆದರೆ ನಾನು ಹೇಳಹೊರಟ ಇರುವೆ ಸಾಕುವ ಮರ, ಹಂಬೋಲ್ಟಿಯಾ ಬ್ರುನೋನಿಸ್, ಹೂ ಬಿಡುವುದು ಆಗಲೇ, ಚಳಿಗಾಲದ ಕೊನೆಯಿಂದ ಬೇಸಿಗೆವರೆಗೆ. ಇಂಬಳದ ಕಾಟವೂ ಇರಲ್ಲ. ಈ ಹಂಬೋಲ್ಟಿಯಾ ಪಶ್ಚಿಮಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ತಾನಾಗಿ ಬೆಳೆಯದ ಮರ. ಹುಣಸೆ, ಅಶೋಕದ ಬಳಗದ್ದು. ಎತ್ತರದ ಮರಗಳ ನೆರಳಲ್ಲೇ ಜೀವನ ಪೂರ್ತಿ ಕಳೆಯುವ ಸಣ್ಣ ಮರ. ಹಾಗಾಗಿ ಕತ್ತೆತ್ತಿ ನೋಡುತ್ತಾ ನಡೆದರೆ ಸಿಗಲ್ಲ, ಎದೆಮಟ್ಟದಲ್ಲಿ ಹುಡುಕಬೇಕು.

ಗುರುತು ಹಿಡಿಯುವುದು ಕಷ್ಟವಲ್ಲ. ಒಂದು ತೊಟ್ಟಿನಲ್ಲಿ ಎಲೆಗಳು ಜೋಡಿ ಜೋಡಿಯಾಗಿರುತ್ತವೆ, ತುದಿಯಲ್ಲಿ ಒಂಟಿ ಎಲೆ ಇರಲ್ಲ. ಎಳೆ ಚಿಗುರು ಕೆಂಪಾಗಿ ಜೋತುಬಿದ್ದಿರುತ್ತೆ. ಹೂವಿನ ದಳ ಬಿಳಿ, ಅದರ ಬುಡದಲ್ಲಿ ಗುಲಾಬಿ ಕೆಂಪು. ಆಮೇಲೆ ಕೊಂಬೆ ನೋಡಿ. ಗೆಣ್ಣು ಗೆಣ್ಣಿನ ನಡುವೆ ಕೆಲವು ಕಡೆ ಊದಿಕೊಂಡಿರುತ್ತೆ. ಒಳಗೆ ಪೊಳ್ಳು. ಮೇಲ್ತುದಿಯ ಹತ್ತಿರ ಸಣ್ಣ ಸೀಳು. ಯಾವ ಹುಳವೂ ಕೊರೆದಿದ್ದಲ್ಲ, ಮರವೇ ಬಿಟ್ಟುಕೊಂಡ ಬಾಗಿಲು! ನಾನು ಅಲ್ಲಾಡದೆ ನಿಂತು ನೋಡುತ್ತಿದ್ದಾಗ ಸೀಳಿನಿಂದ ಒಂದು ಕಪ್ಪು ಇರುವೆ ತಲೆ ಹಾಕಿ, ಮೀಸೆ ಆಡಿಸಿ, ಒಳಗೆ ಸರಿಯಿತು.

ಮರ ಮನೆ ಕೊಡುವುದಷ್ಟೇ ಅಲ್ಲ, ಎಳೆ ಎಲೆಯಲ್ಲೂ ಮೊಗ್ಗಿನಲ್ಲೂ ಸಿಹಿ ರಸ ಒಸರಿಸಿ ಊಟವನ್ನೂ ಹಾಕುತ್ತೆ. ಬದಲಿಗೆ ಇರುವೆಗಳು ಎಲೆ ತಿನ್ನುವ ಹುಳಗಳನ್ನು ಓಡಿಸಬೇಕು ಅಲ್ವಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಮರದ ಬೆನ್ನು ಹತ್ತಿ ನೋಡಿದಾಗ ಗೊತ್ತಾಗಿದ್ದು, ಇರುವೆಗಳಲ್ಲಿ ಹೆಚ್ಚಿನವು ಬಿಟ್ಟಿ ಬಾಡಿಗೆದಾರರು. ಕೆಲಸ ಮಾಡುವ ಜಾತಿಗಳು ಕಡಿಮೆ. ಆದರೂ ಮರಕ್ಕೆ ಲಾಭವಿದೆ. ಒಳಗೆ ಬಿದ್ದ ಕಸ, ಹಿಕ್ಕೆಯಿಂದ ಸಾರಜನಕ ಕೊಂಬೆಗೇ ಸೇರುತ್ತೆ. ಅದೇ ಪೊಳ್ಳಿನಲ್ಲಿ ಮರದ ಮೇಲೆ ಬದುಕುವ ಒಂದು ಜಾತಿಯ ಎರೆಹುಳವೂ ಇರುತ್ತೆ, ಗೊಬ್ಬರ ಅದರಿಂದಲೂ ಬರುತ್ತೆ. ಒಂದು ಪುಟ್ಟ ಜೇನ್ನೊಣ ಕೂಡ ಇಲ್ಲೇ ಸಂಸಾರ ಹೂಡಿ, ಇದೇ ಮರದ ಹೂವಿಗೆ ಪರಾಗ ಮುಟ್ಟಿಸುತ್ತೆ. ಎಲ್ಲ ಮರದಲ್ಲೂ ಈ ಪೊಳ್ಳು ಇರಲ್ಲ. ಪಕ್ಕಪಕ್ಕದ ಮರಗಳಲ್ಲಿ ಒಂದಕ್ಕಿದ್ದು ಇನ್ನೊಂದಕ್ಕೆ ಇಲ್ಲದೇ ಇರಬಹುದು. ಒಂದು ಮರ ನೋಡಿ 'ಇಲ್ವಲ್ಲ' ಅಂತ ವಾಪಸ್ ಬರಬೇಡಿ. ಒಳಗೇನಿದೆ ನೋಡೋಣ ಅಂತ ಕೊಂಬೆ ಮುರಿಯಲೂಬೇಡಿ, ಸೀಳು ನೋಡಿದರೆ ಸಾಕು.

ನಾವು ನೋಡಿದ್ದು ಜೋಗಿಗುಂಡಿ ಜಲಪಾತದ ಕಡೆಯ ದಾರಿಯ ಅಂಚಿನಲ್ಲಿ, ಪೈಸೆ ಖರ್ಚಿಲ್ಲದೆ. ಕಾಡಿನ ಒಳಗೆ ಹೋಗಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಹೋಂಸ್ಟೇಯವರು "ನಾವು ನೋಡ್ಕೋತೀವಿ" ಅಂದರೆ ನಂಬಬೇಡಿ, ನೀವೇ ಕಚೇರಿಗೆ ಹೋಗಿ ಕೇಳಿ. ಕಾಳಿಂಗ ಸರ್ಪದ ಊರು ಬೇರೆ, ತರಗೆಲೆಯಲ್ಲಿ ಕಾಲಿಡುವಾಗ ಕಣ್ಣು ಕೆಳಗಿರಲಿ.

ಸೂರ್ಯಾಸ್ತದ ಜಾಗಕ್ಕೆ ಶನಿವಾರ ಭಾನುವಾರ ಹೋಗಲೇಬೇಡಿ. ಸೂರ್ಯನಿಗಿಂತ ಜಾಸ್ತಿ ಕಾಣಿಸುವುದು ಸೆಲ್ಫಿ ಕೋಲುಗಳು. ನನಗೆ ಗದ್ದಲ ಆಗಲ್ಲ, ನಿಮಗೆ ಪರವಾಗಿಲ್ಲ ಅಂದ್ರೆ ಹೋಗಿ.

ಊಟ ತಿಂಡಿಗೆ ಮಾತ್ರ ಹೋಂಸ್ಟೇ ನೆಚ್ಚಿಕೊಳ್ಳಬೇಡಿ. ಪೇಟೆಯಲ್ಲಿ ಬೋರ್ಡೂ ಸರಿಯಾಗಿ ಕಾಣದ ಒಂದು ಹೋಟೆಲಿದೆ, ಬೆಂಚು ನಾಲ್ಕೇ. ಬೆಳಿಗ್ಗೆ ಹಲಸಿನೆಲೆಯಲ್ಲಿ ಬೇಯಿಸಿದ ಕೊಟ್ಟೆ ಕಡುಬು, ಮೇಲೆ ಕೊಬ್ಬರಿ ಎಣ್ಣೆ, ಪಕ್ಕದಲ್ಲಿ ಗಟ್ಟಿ ಚಟ್ನಿ. ಎಲೆ ಬಿಚ್ಚಿದಾಗ ಏಳುವ ಹಬೆಯಲ್ಲಿ ಹಲಸಿನೆಲೆಯ ವಾಸನೆ. ಬಡಿಸುವ ಅಮ್ಮ "ಇನ್ನೊಂದು ಹಾಕ್ಲಾ?" ಅಂತ ಕೇಳುವುದಷ್ಟೇ, ಉತ್ತರ ಕೊಡುವಷ್ಟರಲ್ಲಿ ತಟ್ಟೆಗೆ ಬಿದ್ದಿರುತ್ತೆ. ಜೊತೆಗೆ ಬೆಲ್ಲದ ಕಷಾಯ. ಇಬ್ಬರು ಹೊಟ್ಟೆ ಬಿರಿಯೆ ತಿಂದರೂ ಬಿಲ್ಲು 130 ದಾಟಲಿಲ್ಲ. ಒಂಬತ್ತಕ್ಕೆ ಹೋದರೆ ಕಡುಬು ಮುಗಿದಿರುತ್ತೆ, ಏಳೂವರೆಗೇ ಹೋಗಿ.

ಉಡುಪಿ, ಹೆಬ್ರಿ ಕಡೆಯಿಂದ ಬರುವವರು ಸಣ್ಣ ಬಸ್ಸಿನಲ್ಲಿ 14 ತಿರುವು ಹತ್ತಬೇಕು. ಹಿಂದಿನ ಸೀಟು ಬೇಡ. ನಮ್ಮ ಬಸ್ಸಿನಲ್ಲಿ ಕಿಟಕಿ ಮುಚ್ಚುತ್ತಿರಲಿಲ್ಲ, ಮುಂದಿನವರು ವಾಂತಿ ಮಾಡಿದರು, ಉಳಿದದ್ದು ಊಹಿಸಿಕೊಳ್ಳಿ. ವಾಪಸ್ ಇಳಿಯುವ ಕೊನೆಯ ಬಸ್ ಎಷ್ಟೊತ್ತಿಗೆ ಅಂತ ಹತ್ತಿದ ಬಸ್ಸಿನ ಕಂಡಕ್ಟರನ್ನೇ ಕೇಳಿಟ್ಟುಕೊಳ್ಳಿ.