ಟೆಂಪ್ಲೇಟ್ ಕೈಗೆ ಬಂದರೆ ಮೊದಲು ಕಾಲಂಗಳನ್ನು ಓದಿ

ಸಾಲ ಕೊಡುವ ಒಂದು ಕಂಪನಿಯಲ್ಲಿ ನನ್ನದು ನಿಯಮ ಕಟ್ಟುವ ಕೆಲಸ. ನಾನು ಕೋಡ್ ಬರೆಯುವವಳಲ್ಲ, ಸಾಲ ಮಂಜೂರು ಮಾಡುವವಳೂ ಅಲ್ಲ. ಆ ಇಬ್ಬರ ನಡುವೆ ಕೂರುತ್ತೇನೆ. ಶಾಖೆಯಲ್ಲಿ ಅರ್ಜಿ ತುಂಬಿದ ಕೂಡಲೇ ಸಿಸ್ಟಂ ‘ಮಂಜೂರು’, ‘ಇಲ್ಲ’, ‘ಮ್ಯಾನೇಜರ್ ನೋಡಬೇಕು’ ಎಂದು ಮೂರರಲ್ಲಿ ಒಂದು ಉತ್ತರ ಕೊಡುತ್ತದಲ್ಲ, ಆ ಉತ್ತರದ ಹಿಂದಿನ ಟೇಬಲ್‌ಗಳು ನಮ್ಮ ತಂಡದವು. ನಮ್ಮ ಗಿರಾಕಿಗಳಲ್ಲಿ ಜಾಸ್ತಿ ಜನ ಮಲೆನಾಡಿನವರು. ಅಡಿಕೆ ತೋಟದವರು, ಹಸು ಸಾಕುವವರು, ಸಣ್ಣ ಅಂಗಡಿ ಇಟ್ಟುಕೊಂಡವರು.

ಇಂಥ ನಿಯಮಗಳನ್ನು ಈಗ ಯಾರೂ ಖಾಲಿ ಹಾಳೆಯಿಂದ ಶುರು ಮಾಡುವುದಿಲ್ಲ. ರೂಲ್ ಎಂಜಿನ್, ಅಂದರೆ ಇಂಥ ನಿಯಮಗಳನ್ನು ಓಡಿಸುವ ಸಾಫ್ಟ್‌ವೇರ್, ಮಾರುವವರು ಸಾಲದ ಅರ್ಹತೆ, ಬಡ್ಡಿ ದರ, ರಿಯಾಯಿತಿ, ವಿಮೆ ಕ್ಲೇಮು ಅಂತ ಒಂದೊಂದಕ್ಕೂ ಸಿದ್ಧ ಟೆಂಪ್ಲೇಟ್ ಕೊಡುತ್ತಾರೆ. ಇಂಥ ತೀರ್ಮಾನದ ಟೇಬಲ್‌ಗಳನ್ನು ಹೇಗೆ ಬರೆಯಬೇಕು ಎನ್ನುವುದಕ್ಕೆ 2015ರಲ್ಲಿ ಡಿಎಂಎನ್ ಎಂಬ ಮಾನದಂಡ ಬಂತು. ಅದನ್ನು ಪಾಲಿಸುವ ಸಾಫ್ಟ್‌ವೇರ್‌ಗಳಲ್ಲಿ ಟೇಬಲ್‌ನ ರೂಪ ಹೆಚ್ಚುಕಡಿಮೆ ಒಂದೇ. ಎಡಗಡೆ ಕಾಲಂಗಳಲ್ಲಿ ಷರತ್ತು, ಬಲಗಡೆ ತೀರ್ಮಾನ, ಒಂದೊಂದು ಸಾಲು ಒಂದೊಂದು ನಿಯಮ. ಎಕ್ಸೆಲ್ ಗೊತ್ತಿರುವ ಯಾವ ಮ್ಯಾನೇಜರ್ ಆದರೂ ಓದಬಹುದು. ಇದು ನಿಜಕ್ಕೂ ದೊಡ್ಡ ಉಪಕಾರ. ಮೊದಲು ಕೋಡ್ ಒಳಗೆ ಹೂತು ಹೋಗಿದ್ದ ನಿಯಮ ಈಗ ಎಲ್ಲರ ಕಣ್ಣ ಮುಂದೆ ಇರುತ್ತದೆ. ಟೆಂಪ್ಲೇಟ್ ಬೇಡ ಎಂದು ನಾನು ಯಾವತ್ತೂ ಹೇಳುವುದಿಲ್ಲ.

ಆದರೆ ಟೆಂಪ್ಲೇಟ್ ಬಂದ ದಿನ ಎಲ್ಲರೂ ಮಾಡುವುದು ಒಂದೇ ಕೆಲಸ. ಸೆಲ್‌ಗಳಲ್ಲಿರುವ ಸಂಖ್ಯೆ ಬದಲಿಸುವುದು. 700 ಇದ್ದದ್ದು 650 ಮಾಡೋಣ, ಐದು ಲಕ್ಷ ಇದ್ದದ್ದು ಮೂರು ಮಾಡೋಣ ಅಂತ ಮೀಟಿಂಗ್ ಮೇಲೆ ಮೀಟಿಂಗ್. ಮೇಲಿನ ಕಾಲಂ ಹೆಸರುಗಳ ಬಗ್ಗೆ ಮಾತೇ ಬರುವುದಿಲ್ಲ. ಆ ಕಾಲಂಗಳನ್ನು ಆರಿಸಿದವರು ಬೇರೆ ಯಾರೋ. ಅವರ ಮನಸ್ಸಿನಲ್ಲಿದ್ದ ಗಿರಾಕಿ ತಿಂಗಳ ಸಂಬಳದವನು, ಕ್ರೆಡಿಟ್ ಕಾರ್ಡ್ ಇರುವವನು. ನಮ್ಮ ಬಾಗಿಲಿಗೆ ಬರುವವನು ಬೇರೆ.

ಸಿಬಿಲ್ ಸ್ಕೋರ್ ಕಾಲಂ ನೋಡಿ. ಹಿಂದಿನ ಸಾಲಗಳನ್ನು ಹೇಗೆ ಕಟ್ಟಿದ್ದಾರೆ ಎಂದು ನೋಡಿ ಕೊಡುವ ಅಂಕ ಅದು. ನಮಗೆ ಬಂದ ಟೆಂಪ್ಲೇಟ್‌ನಲ್ಲಿ ಅದಕ್ಕೆ ಮೂರು ಸಾಲು ಇದ್ದವು. 650ಕ್ಕಿಂತ ಕಡಿಮೆ ಇದ್ದರೆ ಇಲ್ಲ. 650ರಿಂದ 750ರ ಒಳಗೆ ಮ್ಯಾನೇಜರ್ ನೋಡಬೇಕು. 750 ಮತ್ತು ಮೇಲೆ ಮಂಜೂರು. ಓದಿದರೆ ಏನೂ ತಪ್ಪು ಕಾಣುವುದಿಲ್ಲ. ಸ್ಕೋರ್ ಇರುವುದು 300ರಿಂದ 900ರವರೆಗೆ. ಆದರೆ ಈವರೆಗೆ ಎಲ್ಲೂ ಸಾಲವನ್ನೇ ತೆಗೆದುಕೊಳ್ಳದವರ ಸ್ಕೋರ್ ಜಾಗದಲ್ಲಿ -1 ಬರುತ್ತದೆ. ಅದು ಅಂಕವೇ ಅಲ್ಲ, ‘ಇವರ ಸಾಲದ ಇತಿಹಾಸ ನಮ್ಮಲ್ಲಿಲ್ಲ’ ಎನ್ನುವ ಗುರುತು. ಕಂಪ್ಯೂಟರ್‌ಗೆ ಅದೆಲ್ಲ ಗೊತ್ತಾಗಲ್ಲ. -1 ಎಂಬುದು 650ಕ್ಕಿಂತ ಕಡಿಮೆ, ಆದ್ದರಿಂದ ಇಲ್ಲ.

ಅಂದರೆ ಮೊದಲ ಸಲ ಸಾಲ ಕೇಳುವ ಪ್ರತಿಯೊಬ್ಬರಿಗೂ ಬಾಗಿಲು ಮುಚ್ಚಿತು. ಮುಚ್ಚಬೇಕು ಎಂದು ಯಾರೂ ತೀರ್ಮಾನ ಮಾಡಿರಲಿಲ್ಲ, ಯಾವ ಸಾಲಿನಲ್ಲೂ ಹಾಗೆ ಬರೆದಿರಲಿಲ್ಲ. ಇತಿಹಾಸ ಇಲ್ಲ ಎನ್ನುವ ಒಂದೇ ಕಾರಣಕ್ಕೆ ಮೊದಲ ಸಲದವರ ಅರ್ಜಿ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿ 6ರ ನಿರ್ದೇಶನದಲ್ಲಿ ಸಾಲ ಸಂಸ್ಥೆಗಳಿಗೆ ಸಲಹೆ ಕೊಟ್ಟಿದೆ. ಆ ಸಲಹೆ ಇಲ್ಲದಿದ್ದರೂ ನನಗೆ ಇದು ಅನ್ಯಾಯವೇ. ಇಡೀ ಜೀವನ ಸಾಲ ಮಾಡದೆ ಬದುಕಿದ ಹೆಂಗಸು ಮಗಳ ಓದಿಗೋ ಹಸುವಿಗೋ ಮೊದಲ ಬಾರಿ ಬಂದಾಗ, ಸಾಲ ಕಟ್ಟದೆ ತಪ್ಪಿಸಿಕೊಂಡವನ ಜೊತೆ ಅವಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಾ?

ಇದು ಸಿಕ್ಕಿದ್ದು ಹಳೆಯ ಫೈಲುಗಳಿಂದ. ಹೊಸ ಟೇಬಲ್ ಚಾಲೂ ಮಾಡುವ ಮೊದಲು, ತೀರಿ ಹೋದ ಹಳೆಯ ಸಾಲಗಳನ್ನು ಅದರೊಳಗೆ ಹಾಯಿಸುತ್ತೇವೆ. ಆವತ್ತು ಮ್ಯಾನೇಜರ್ ಏನು ತೀರ್ಮಾನ ಮಾಡಿದ್ದರು, ಇವತ್ತು ಟೇಬಲ್ ಏನು ಹೇಳುತ್ತದೆ ಎಂದು ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಒಂದು ಕಂತೂ ತಪ್ಪಿಸದೆ ಕಟ್ಟಿದವರ ಮುಂದೆ ಸಾಲಾಗಿ ‘ಇಲ್ಲ’ ಬಂದಿತ್ತು. ಶಾಖೆಯ ಮ್ಯಾನೇಜರ್ ಒಬ್ಬರು ಪಟ್ಟಿ ನೋಡಿ, ‘ಮೇಡಂ, ಇವರೆಲ್ಲ ನಮ್ಮ ಒಳ್ಳೇ ಪಾರ್ಟಿಗಳು, ಇವರನ್ನೇ ಯಾಕೆ ಬಿಡ್ತಾ ಇದೀರಿ?’ ಎಂದರು. ಆ ಪ್ರಶ್ನೆಯಿಂದಲೇ -1 ಕಣ್ಣಿಗೆ ಬಿತ್ತು.

ಸರಿ ಮಾಡಿದ್ದು ಹೀಗೆ. ಸ್ಕೋರ್ ಕಾಲಂನ ಮುಂಚೆ ಇನ್ನೊಂದು ಕಾಲಂ ಸೇರಿಸಿದೆವು: ಸಾಲದ ಇತಿಹಾಸ ಇದೆಯೋ ಇಲ್ಲವೋ. ಇಲ್ಲ ಎಂದರೆ ಸ್ಕೋರ್ ನೋಡುವ ಹಾಗೇ ಇಲ್ಲ, ಬೇರೆ ಟೇಬಲ್‌ಗೆ ಹೋಗಬೇಕು. ಅಲ್ಲಿ ಡೇರಿಯ ಬಟವಾಡೆ, ಸಂಘದ ಉಳಿತಾಯ, ಕರೆಂಟ್ ಬಿಲ್ ಕಟ್ಟಿದ ರೀತಿ ನೋಡುತ್ತೇವೆ. ಇತಿಹಾಸ ಇದ್ದವರಿಗೆ ‘650ಕ್ಕಿಂತ ಕಡಿಮೆ’ ಎಂದು ಬಿಡದೆ [300..650) ಎಂದು ಎರಡೂ ಕಡೆ ಗಡಿ ಹಾಕಿದೆವು. ಡಿಎಂಎನ್‌ನಲ್ಲಿ ಚೌಕ ಬ್ರ್ಯಾಕೆಟ್ ಎಂದರೆ ಆ ಸಂಖ್ಯೆಯೂ ಸೇರಿತು, ದುಂಡು ಬ್ರ್ಯಾಕೆಟ್ ಎಂದರೆ ಸೇರಿಲ್ಲ. ಸರಿಯಾಗಿ 650 ಇರುವವನು ಯಾವ ಸಾಲಿಗೆ ಬೀಳುತ್ತಾನೆ ಎಂಬುದು ಆ ಒಂದು ಚಿಹ್ನೆಯ ಮೇಲೆ ನಿಂತಿದೆ. ಹೊಸಬರಿಗೆ ಇದನ್ನು ಮೊದಲ ದಿನವೇ ತೋರಿಸುತ್ತೇನೆ.

ಗಡಿ ಹಾಕಿದರೆ ಇನ್ನೊಂದು ಸಮಸ್ಯೆ ಬರುತ್ತದೆ. ಯಾವ ಸಾಲಿಗೂ ಹೊಂದದ ಅರ್ಜಿ ಬಂದರೆ ಟೇಬಲ್ ಏನೂ ಹೇಳುವುದಿಲ್ಲ, ಖಾಲಿ ಉತ್ತರ ಕೊಡುತ್ತದೆ. ಆ ಖಾಲಿಯನ್ನು ಮುಂದಿನ ಟೇಬಲ್ ಹೇಗೆ ಓದುತ್ತದೆ? ‘ಇಲ್ಲ ಎಂದು ಹೇಳಿಲ್ಲ, ಹಾಗಾದರೆ ಸರಿ’ ಎಂದು ಓದಿದರೆ ಕಂಪನಿಗೆ ಪೆಟ್ಟು. ‘ಸರಿ ಎಂದು ಹೇಳಿಲ್ಲ, ಹಾಗಾದರೆ ಇಲ್ಲ’ ಎಂದು ಓದಿದರೆ ಗಿರಾಕಿಗೆ ಪೆಟ್ಟು. ಅದಕ್ಕೇ ನಮ್ಮ ಪ್ರತಿ ಟೇಬಲ್‌ನ ಕೊನೆಯ ಸಾಲಿನಲ್ಲಿ ಎಲ್ಲ ಸೆಲ್‌ನಲ್ಲೂ ಬರೀ ಒಂದು ಗೆರೆ ಇರುತ್ತದೆ. ಗೆರೆ ಎಂದರೆ ‘ಏನೇ ಇರಲಿ’. ಬಲಗಡೆ ‘ಮ್ಯಾನೇಜರ್ ನೋಡಬೇಕು’. ನಮಗೆ ತೋಚದ ಅರ್ಜಿ ಮನುಷ್ಯರ ಕೈಗೇ ಹೋಗಲಿ.

ಆ ಕೊನೆಯ ಸಾಲು ಕೆಲಸ ಮಾಡಬೇಕಾದರೆ ಟೇಬಲ್‌ನ ಎಡ ಮೂಲೆಯ ಅಕ್ಷರವೂ ಸರಿ ಇರಬೇಕು. ಹೊಂದಿದ ಸಾಲುಗಳಲ್ಲಿ ಯಾವುದನ್ನು ಹಿಡಿಯಬೇಕು ಎಂದು ಹೇಳುವುದು ಆ ಅಕ್ಷರ. ‘ಯು’ ಇದ್ದರೆ ಒಂದು ಅರ್ಜಿಗೆ ಒಂದೇ ಸಾಲು ಹೊಂದಬೇಕು, ಎರಡು ಹೊಂದಿದರೆ ಎಡವಟ್ಟು. ‘ಎಫ್’ ಇದ್ದರೆ ಮೇಲಿಂದ ಮೊದಲು ಹೊಂದಿದ ಸಾಲೇ ಗೆಲ್ಲುತ್ತದೆ. ‘ಏನೇ ಇರಲಿ’ ಎನ್ನುವ ಸಾಲು ಎಲ್ಲ ಅರ್ಜಿಗೂ ಹೊಂದುವುದರಿಂದ ಅಲ್ಲಿ ‘ಎಫ್’ ಬೇಕು. ಆದರೆ ‘ಎಫ್’ ಟೇಬಲ್‌ನಲ್ಲಿ ಯಾರಾದರೂ ಚೆಂದ ಕಾಣಲಿ ಅಂತ ಸುಮ್ನೆ ಸಾಲುಗಳನ್ನು ಮೇಲೆ ಕೆಳಗೆ ಮಾಡಿದರೂ ತೀರ್ಮಾನ ಬದಲಾಗುತ್ತದೆ.

ಇನ್ನು ಆದಾಯದ ಕಾಲಂ. ‘ಕಳೆದ 3 ತಿಂಗಳ ಸರಾಸರಿ ಆದಾಯ’ ಎಂದಿತ್ತು. ಸಂಬಳದವರಿಗೆ ಸರಿ. ಅಡಿಕೆಯವರು ಗೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ದರ ನೋಡಿಕೊಂಡು ಮಾರುತ್ತಾರೆ. ವರ್ಷದಲ್ಲಿ ಎರಡು ಮೂರು ಸಲ ದೊಡ್ಡ ಮೊತ್ತ ಖಾತೆಗೆ ಬೀಳುತ್ತದೆ, ಉಳಿದ ತಿಂಗಳು ಹೆಚ್ಚೇನೂ ಇರುವುದಿಲ್ಲ. ಅದೇ ರೈತ ಅಡಿಕೆ ಮಾರಿದ ಮೇಲೆ ಅರ್ಜಿ ಹಾಕಿದರೆ ಸಾಹುಕಾರ, ಮಳೆಗಾಲದಲ್ಲಿ ಹಾಕಿದರೆ ಆದಾಯವೇ ಇಲ್ಲದವನು. ಎರಡೂ ಸುಳ್ಳು. ಮೊದಲನೆಯದು ಜಾಸ್ತಿ ಅಪಾಯ, ಯಾಕೆಂದರೆ ಅಲ್ಲಿ ಅವನ ಶಕ್ತಿ ಮೀರಿದ ಸಾಲ ಕೊಟ್ಟುಬಿಡುತ್ತೇವೆ. ನಾವು 12 ತಿಂಗಳ ಒಟ್ಟು ಮೊತ್ತಕ್ಕೆ ಬದಲಿಸಿದೆವು. ಕಂತನ್ನೂ ತಿಂಗಳಿಗೆ ಬದಲು ಮಾರಾಟದ ಸಮಯಕ್ಕೆ ಹೊಂದಿಸುವ ಆಯ್ಕೆ ಇಟ್ಟೆವು.

ಅದೇ ಕಾಲಂನಲ್ಲಿ ಇನ್ನೊಂದು ವಿಷಯ ಇತ್ತು. ಟೆಂಪ್ಲೇಟ್ ಕೇಳುವುದು ಅರ್ಜಿದಾರನ ಆದಾಯ. ಆದರೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಕಿರು ಸಾಲದ ನಿಯಮ ಲೆಕ್ಕ ಹಾಕುವುದು ಇಡೀ ಮನೆಯದ್ದನ್ನು. ಮನೆಯ ವಾರ್ಷಿಕ ಆದಾಯ 3 ಲಕ್ಷದವರೆಗೆ ಇರಬೇಕು, ಮನೆಯವರೆಲ್ಲರ ಕಂತು ಸೇರಿ ಮನೆಯ ತಿಂಗಳ ಆದಾಯದ ಶೇ 50 ದಾಟಬಾರದು. ಗಂಡನಿಗೆ ಒಂದು ಸಾಲ, ಹೆಂಡತಿಗೆ ಇನ್ನೊಂದು, ಒಬ್ಬೊಬ್ಬರನ್ನೇ ನೋಡಿದರೆ ಇಬ್ಬರೂ ಪಾಸ್. ಒಲೆ ಮಾತ್ರ ಒಂದೇ. ಸೆಲ್‌ನಲ್ಲಿ 50 ಎಂದು ಸರಿಯಾಗಿಯೇ ತುಂಬಿದ್ದರೂ ಕಾಲಂ ತಪ್ಪಿದ್ದರೆ ನಿಯಮ ಮುರಿದಂತೆಯೇ.

ಚಿನ್ನದ ಸಾಲದ ಟೇಬಲ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹಳೆಯ ಟೆಂಪ್ಲೇಟ್‌ನಲ್ಲಿ ಚಿನ್ನದ ಬೆಲೆಯ ಶೇ 75 ಎಂದು ಒಂದೇ ಸೆಲ್ ಇತ್ತು. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಸ್ವಂತ ಖರ್ಚಿನ ಸಾಲಗಳಿಗೆ ಮೂರು ಹಂತ ಮಾಡಿತು. 2.5 ಲಕ್ಷದವರೆಗೆ ಶೇ 85, ಅಲ್ಲಿಂದ 5 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75. ಜಾರಿಗೆ ಕೊಟ್ಟ ಕೊನೆಯ ಗಡುವು 2026ರ ಏಪ್ರಿಲ್ 1. ಇದರಿಂದ ನಾವು ಪ್ರತಿ ಟೇಬಲ್‌ಗೂ ‘ಯಾವ ದಿನದಿಂದ’, ‘ಯಾವ ದಿನದವರೆಗೆ’ ಎಂಬ ಎರಡು ಕಾಲಂ ಸೇರಿಸಿದೆವು. ಹಳೆಯ ಸಾಲುಗಳನ್ನು ಅಳಿಸುವುದಿಲ್ಲ. ನಾಳೆ ಆಡಿಟ್‌ನವರು ಒಂದು ಹಳೆಯ ಸಾಲ ಹಿಡಿದು ಯಾಕೆ ಹೀಗೆ ಕೊಟ್ಟಿರಿ ಎಂದರೆ, ಆ ದಿನದ ನಿಯಮ ತೋರಿಸಬೇಕು.

ನನಗೆ ತುಂಬ ಮುಖ್ಯ ಅನಿಸುವ ಕಾಲಂ ಬಹಳಷ್ಟು ಟೆಂಪ್ಲೇಟ್‌ಗಳಲ್ಲಿ ಇರುವುದೇ ಇಲ್ಲ. ಅದು ಕಾರಣದ ಕಾಲಂ. ಇಲ್ಲ ಎಂದಾಗ ಶಾಖೆಯ ಹುಡುಗ ಎದುರು ಕೂತವರಿಗೆ ಏನು ಹೇಳಬೇಕು? ‘ಸಿಸ್ಟಂ ತಗೊಳ್ತಾ ಇಲ್ಲ’ ಎನ್ನುವುದು ಉತ್ತರವಲ್ಲ. ನಾವು ಕಾರಣಗಳಿಗೆ ಬೇರೆ ಟೇಬಲ್ ಇಟ್ಟು, ಅದರ ಮೂಲೆಗೆ ‘ಸಿ’ ಹಾಕಿದೆವು. ಆಗ ಹೊಂದಿದ ಎಲ್ಲ ಸಾಲುಗಳೂ ಒಟ್ಟಿಗೆ ಬರುತ್ತವೆ. ‘ಪಹಣಿ ಅಪ್ಪನ ಹೆಸರಲ್ಲೇ ಇದೆ’, ‘ಸೊಸೈಟಿ ಸಾಲದ ಎರಡು ಕಂತು ಬಾಕಿ’ ಎಂದು ಸರಳ ಕನ್ನಡದಲ್ಲಿ ಬರೆದಿದ್ದೇವೆ. ಒಂದು ಕಾರಣ ಸರಿ ಮಾಡಿಕೊಂಡು ಬಸ್ ಹತ್ತಿ ಬಂದವರಿಗೆ ಎರಡನೇ ಕಾರಣ ಹೇಳಿ ವಾಪಸ್ ಕಳಿಸುವುದು ನಿಂತಿತು.

ಈಗ ಹೈನುಗಾರಿಕೆ ಸಾಲದ ಟೆಂಪ್ಲೇಟ್ ಹಿಡಿದು ಕೂತಿದ್ದೇವೆ. ಅದರಲ್ಲಿ ಹಸು ವರ್ಷವಿಡೀ ಒಂದೇ ಸಮ ಹಾಲು ಕೊಡುತ್ತದೆ ಎನ್ನುವಂತೆ ಕಾಲಂ ಇದೆ. ಕರು ಹಾಕುವ ಮೊದಲು ಹಾಲು ಬತ್ತಿಸುವ ತಿಂಗಳುಗಳಿಗೆ ಜಾಗವೇ ಇಲ್ಲ. ಒಂದೇ ಹಸು ಇರುವ ಮನೆಗೆ ಆ ತಿಂಗಳುಗಳ ಕಂತನ್ನು ಹೇಗೆ ಇಡಬೇಕು ಎಂದು ಹಾಲಿನ ಸಂಘಗಳ ಕಾರ್ಯದರ್ಶಿಗಳನ್ನು ಕೇಳುತ್ತಿದ್ದೇವೆ. ನಿಮ್ಮಲ್ಲಿ ಯಾರಾದರೂ ಈ ಸಾಲದ ಕೆಲಸ ಮಾಡಿದ್ದರೆ, ನೀವು ಹೇಗೆ ಲೆಕ್ಕ ಹಾಕುತ್ತೀರಿ ದಯವಿಟ್ಟು ಬರೆಯಿರಿ.