ಚೀನಾ–ಜಪಾನ್ ಪಾಠವನ್ನು ನಾನು ಎರಡು ಶಿಪ್‌ಯಾರ್ಡುಗಳಿಂದ ಶುರು ಮಾಡುವುದು ಯಾಕೆ

ಹತ್ತೊಂಬತ್ತನೇ ಶತಮಾನದಲ್ಲಿ ಜಪಾನ್ ಗೆದ್ದು ಚೀನಾ ಸೋತದ್ದು ಯಾಕೆ? ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವರಿಗೆಲ್ಲ ಇದರ ಉತ್ತರ ಬಾಯಿಪಾಠ. ಜಪಾನ್ ಪಶ್ಚಿಮದವರಿಂದ ಕಲಿತು ಮೇಲೆ ಬಂತು, ಚೀನಾ ಹಳೆಯದಕ್ಕೇ ಜೋತುಬಿದ್ದು ಸೋತಿತು. ವ್ಯಾಲ್ಯುಯೇಶನ್‌ಗೆ ಕೂತರೆ ಇಡೀ ಬಂಡಲ್ ಇದನ್ನೇ ಹೇಳುತ್ತದೆ. ಮಾರ್ಕ್ಸ್ ಕೊಡಲೇಬೇಕು. ಆದರೆ ಚೀನಾದವರಿಗೆ ಇದರಿಂದ ದೊಡ್ಡ ಅನ್ಯಾಯವಾಗುತ್ತದೆ.

ಹಾಗಾಗಿ ಮೊದಲ ಭಾಗವನ್ನು ನಾನು ಬೇಗ ಮುಗಿಸುತ್ತೇನೆ. ಬ್ರಿಟಿಷರ ಜೊತೆಗಿನ ಅಫೀಮು ಯುದ್ಧದಲ್ಲಿ ಸೋತ ಚೀನಾ 1842ರಲ್ಲಿ ಹಾಂಗ್‌ಕಾಂಗ್ ಬಿಟ್ಟುಕೊಟ್ಟು ಐದು ಬಂದರು ತೆರೆಯಿತು. ಅಮೆರಿಕದ ಯುದ್ಧನೌಕೆಗಳಿಗೆ ಹೆದರಿ ಜಪಾನ್ 1854ರಲ್ಲಿ ಬಾಗಿಲು ತೆಗೆಯಿತು. ಇಷ್ಟಾದ ಮೇಲೆ ಬೋರ್ಡಿನಲ್ಲಿ ಎರಡು ಹೆಸರು ಬರೆಯುತ್ತೇನೆ. ಜಪಾನಿನ ಯೊಕೊಸುಕಾ, 1865. ಚೀನಾದ ಫೂಚೌ, 1866.

ಎರಡೂ ಶಿಪ್‌ಯಾರ್ಡುಗಳು, ಅಂದರೆ ಹಡಗು ಕಟ್ಟುವ ಜಾಗಗಳು. ಎರಡಕ್ಕೂ ಫ್ರೆಂಚರೇ ಮಾರ್ಗದರ್ಶಕರು. ಯೊಕೊಸುಕಾದಲ್ಲಿ ವೆರ್ನಿ, ಫೂಚೌನಲ್ಲಿ ಜಿಕೆಲ್. ಫೂಚೌ ಯಾರ್ಡಿಗೆ ಅಂಟಿಕೊಂಡೇ ಒಂದು ಶಾಲೆಯಿತ್ತು. ಹಡಗು ಕಟ್ಟುವುದನ್ನು ಕಲಿಯುವವರಿಗೆ ಫ್ರೆಂಚ್, ನಡೆಸುವುದನ್ನು ಕಲಿಯುವವರಿಗೆ ಇಂಗ್ಲಿಷ್. 1869ರಲ್ಲೇ ಅದರ ಮೊದಲ ಉಗಿಹಡಗು ನೀರಿಗಿಳಿಯಿತು. ಚೀನಾ ಕಲಿಯಲೇ ಇಲ್ಲ ಅನ್ನುವ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ ಅಲ್ವಾ?

ಮತ್ತೆ ಎಡವಿದ್ದೆಲ್ಲಿ? ಮಕ್ಕಳಿಗೆ ಎರಡೇ ಪ್ರಶ್ನೆ ಕೊಡುತ್ತೇನೆ: ದುಡ್ಡು ಯಾರದು, ಹಡಗು ಯಾರ ಮಾತು ಕೇಳುತ್ತದೆ?

ಚೀನಾದ ರಾಜಮನೆತನದ ವಿರುದ್ಧ ಎದ್ದ ದೊಡ್ಡ ತೈಪಿಂಗ್ ದಂಗೆಯನ್ನು ಅಡಗಿಸುವ ಹೊತ್ತಿಗೆ ಚೀನಾದಲ್ಲಿ ಸೈನ್ಯ, ಸುಂಕ ಎರಡೂ ಪ್ರಾಂತ್ಯದ ಅಧಿಕಾರಿಗಳ ಕೈಗೆ ಜಾರಿದ್ದವು. ಫೂಚೌ ಯಾರ್ಡ್ ನಡೆಯುತ್ತಿದ್ದುದೇ ಅಲ್ಲಿನ ಬಂದರು ಸುಂಕದಿಂದ. ಉತ್ತರದ ಬೇಯಾಂಗ್ ನೌಕಾಪಡೆ ಅಲ್ಲಿನ ಪ್ರಾಂತ್ಯಾಧಿಕಾರಿ ಲೀ ಹಾಂಗ್‌ಜಾಂಗ್ ಹಿಡಿತದಲ್ಲಿತ್ತು. ದಕ್ಷಿಣದ ಪಡೆಗಳು ಬೇರೆ ಬೇರೆಯವರ ಕೈಯಲ್ಲಿದ್ದವು. ಮುಂದೆ ಚೀನಾಕ್ಕೂ ಫ್ರಾನ್ಸಿಗೂ ಯುದ್ಧ ಬಂದಾಗ, 1884ರ ಆಗಸ್ಟ್ 23ರಂದು ಫ್ರೆಂಚರು ಫೂಚೌ ಪಡೆಯನ್ನು ಅದರ ನದಿಯಲ್ಲೇ ಒಂದು ಗಂಟೆಯೊಳಗೆ ಮುಗಿಸಿದರು. ಫೂಚೌದವರು ಮೊದಲೇ ನೆರವು ಕೇಳಿದ್ದರು. ಲೀ ತನ್ನ ಹಡಗು ಕಳಿಸಲಿಲ್ಲ.

ಹತ್ತು ವರ್ಷದ ನಂತರ ಜಪಾನ್ ಬೇಯಾಂಗ್ ಪಡೆಯ ಮೇಲೇ ಬಿತ್ತು. 1895ರ ಫೆಬ್ರವರಿಯಲ್ಲಿ ಆ ಪಡೆ ತನ್ನ ನೆಲೆಯಾದ ವೈಹೈವೈ ಬಂದರಿನಲ್ಲಿ ಶರಣಾಗುವಾಗ ಚೀನಾ ಕಡೆಯಿಂದ ಒಂದು ಕೋರಿಕೆ ಬಂತು. ಗುವಾಂಗ್‌ಬಿಂಗ್ ಹಡಗನ್ನು ಬಿಟ್ಟುಕೊಡಿ, ಅದು ಗುವಾಂಗ್‌ಡಾಂಗ್ ಪ್ರಾಂತ್ಯದ್ದು, ಆ ಪ್ರಾಂತ್ಯಕ್ಕೂ ಈ ಯುದ್ಧಕ್ಕೂ ಸಂಬಂಧವಿಲ್ಲ ಅಂತ! ನನ್ನ ಅರ್ಧ ಗಂಟೆಯ ವಿವರಣೆಗಿಂತ ಈ ಒಂದು ಕೋರಿಕೆ ಮಕ್ಕಳಿಗೆ ಜಾಸ್ತಿ ಅರ್ಥ ಮಾಡಿಸುತ್ತದೆ.

ಜಪಾನಿನಲ್ಲಿ ಯೊಕೊಸುಕಾವನ್ನು ಶುರು ಮಾಡಿದ್ದ ಶೋಗನ್ (ಚಕ್ರವರ್ತಿಯ ಹೆಸರಿನಲ್ಲಿ ಆಳುತ್ತಿದ್ದ ಸೇನಾಧಿಪತಿ) ಸರ್ಕಾರವೇ ಬಿದ್ದುಹೋಯಿತು. ಆದರೆ 1868ರಲ್ಲಿ ಚಕ್ರವರ್ತಿ ಮೇಜಿ ಹೆಸರಿನಲ್ಲಿ ಬಂದ ಹೊಸ ಸರ್ಕಾರ ಯಾರ್ಡನ್ನು ಹಾಗೇ ವಹಿಸಿಕೊಂಡು ಮುಂದುವರಿಸಿತು. 1871ರಲ್ಲಿ ಪಾಳೆಯಗಾರರ ಸೀಮೆಗಳನ್ನು ರದ್ದು ಮಾಡಿತು. 1873ರಲ್ಲಿ ಹೊಸ ಭೂಕಂದಾಯ ತಂದಿತು. ಜಮೀನಿನ ಬೆಲೆಯ ಶೇಕಡಾ 3ರಷ್ಟನ್ನು ನಗದಿನಲ್ಲಿ, ನೇರವಾಗಿ ಕೇಂದ್ರಕ್ಕೆ ಕಟ್ಟಬೇಕು.

ಇಲ್ಲಿಗೆ ಬಂದಾಗ ರೈತರ ಮನೆಯ ಹುಡುಗನೊಬ್ಬ ಕೇಳಿದ: "ಮೇಡಂ, ಮಳೆ ಬರದಿದ್ರೂ ಅಷ್ಟೇ ಕಟ್ಬೇಕಿತ್ತಾ?"

ಹೌದು, ಅಷ್ಟೇ ಕಟ್ಟಬೇಕಿತ್ತು. ಬೆಳೆ ಬಂದರೂ ಒಂದೇ, ಹೋದರೂ ಒಂದೇ. 1876ರಲ್ಲಿ ರೈತರು ದಂಗೆ ಎದ್ದರು, ಮರುವರ್ಷ ಸರ್ಕಾರ ಅದನ್ನು 2.5ಕ್ಕೆ ಇಳಿಸಿತು. ಆ ಪ್ರಶ್ನೆ ಬಂದ ಮೇಲೆ ಭೂಕಂದಾಯ ನನ್ನ ಪಾಠದಲ್ಲಿ ಸುಮ್ನೆ ಒಂದು ಸಾಲಾಗಿ ಉಳಿಯಲಿಲ್ಲ. ಜಪಾನಿನ ರೈಲು, ಶಾಲೆ, ಸೈನ್ಯ ಎಲ್ಲದರ ಭಾರ ಹೊತ್ತವರಲ್ಲಿ ಈ ರೈತರೇ ಮೊದಲಿಗರು.

ಹೊರಗಡೆ ಭಾರ ಹೊತ್ತವರೂ ಇದ್ದಾರೆ. ಅದೇ 1876ರಲ್ಲಿ ಜಪಾನ್ ಯುದ್ಧನೌಕೆಗಳ ಬಲದಿಂದ ಕೊರಿಯಾದ ಬಂದರು ತೆರೆಸಿತು. ತನ್ನ ಪ್ರಜೆಗಳ ಮೇಲೆ ಅಲ್ಲಿನ ಕಾನೂನು ನಡೆಯದಂತೆಯೂ ಒಪ್ಪಂದ ಬರೆಸಿಕೊಂಡಿತು. ತನಗೆ ಪಶ್ಚಿಮದವರು ಮಾಡಿದ್ದನ್ನೇ ಪಕ್ಕದ ಮನೆಗೆ ಮಾಡಿತು. 1895ರಲ್ಲಿ ಚೀನಾದಿಂದ ತೈವಾನ್ ಕಿತ್ತುಕೊಂಡಿತು, ಜೊತೆಗೆ 20 ಕೋಟಿ ತೇಲ್ (ಚೀನಾದ ತೂಕದ ಅಳತೆ) ಬೆಳ್ಳಿ ಪರಿಹಾರ. 1910ರಲ್ಲಿ ಇಡೀ ಕೊರಿಯಾವನ್ನೇ ನುಂಗಿತು. ಇದನ್ನು ಬಿಟ್ಟು "ಜಪಾನ್ ಗೆದ್ದಿತು" ಅಂತ ಪಾಠ ಮಾಡುವುದು ನನ್ನ ಮಟ್ಟಿಗೆ ಸಾಮ್ರಾಜ್ಯಶಾಹಿಯನ್ನು ಹೊಗಳಿದ ಹಾಗೆ.

ಇಂಟರ್ನಲ್ ಟೆಸ್ಟಿನಲ್ಲಿ ಈಗ "ಚೀನಾ, ಜಪಾನ್ ಹೋಲಿಸಿ" ಅಂತ ಕೇಳುವುದಿಲ್ಲ. ಫೂಚೌ, ಯೊಕೊಸುಕಾ, ಭೂಕಂದಾಯ, ಗುವಾಂಗ್‌ಬಿಂಗ್ ಇಷ್ಟನ್ನು ಕೊಟ್ಟು 1895ರ ಫಲಿತಾಂಶ ವಿವರಿಸಿ ಅನ್ನುತ್ತೇನೆ. ಗೈಡಿನಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ, ಮಕ್ಕಳು ತಾವೇ ಯೋಚಿಸಿ ಬರೆಯುತ್ತಾರೆ. ಹೊಸದಾಗಿ ಈ ಪೇಪರ್ ತೆಗೆದುಕೊಳ್ಳುವವರು ದಯವಿಟ್ಟು ಕೊರಿಯಾಕ್ಕೂ ಒಂದು ಪೂರ್ತಿ ಪೀರಿಯಡ್ ಎತ್ತಿಡಿ.